ಕೂಗುವ ಡಬ್ಬಿ, ಸುಮ್ಮನಿರುವ ಪೊಲೀಸ್

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ನಯಾಗರಾ ಜಲಪಾತದ ಬಗ್ಗೆ ಹೇಳುತ್ತಾರೆ. ನಾನೂ ನೋಡಿ ಬಂದೆ. ಆದರೆ ಶಾಲೆ ತೆರೆದ ಮೊದಲ ದಿನ ಮಕ್ಕಳು "ಸಾರ್, ಅಲ್ಲಿ ಏನು ನೋಡಿದಿರಿ?" ಎಂದು ಕೇಳಿದಾಗ ನನ್ನ ಬಾಯಿಗೆ ಮೊದಲು ಬಂದದ್ದು ಜಲಪಾತವಲ್ಲ, ಅಂಗೈ ಅಗಲದ ಒಂದು ಕಪ್ಪು ಡಬ್ಬಿ!

2023ರ ಬೇಸಿಗೆ ರಜೆಯಲ್ಲಿ ನಾನೂ ನನ್ನಾಕೆಯೂ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯಂದಿರು ಸಾಫ್ಟ್‌ವೇರ್ ಎಂಜಿನಿಯರ್. ಮಾತು ಕಡಿಮೆ, ಕೆಲಸದಲ್ಲಿ ಅಚ್ಚುಕಟ್ಟು. ಮೊಮ್ಮಗನಿಗೆ ಎಂಟು ವರ್ಷ, ಬಾಯಿ ತುಂಬ ಪ್ರಶ್ನೆ. ಹೋದ ಮೂರನೆಯ ದಿನ ತರಕಾರಿ ತರಲು ಅಂಗಡಿಗೆ ಹೊರಟೆವು. ಕಾರನ್ನು ಅಂಗಡಿಯ ಮುಂದೆ ತಿರುಗಿಸುತ್ತಿದ್ದಂತೆ ಗಾಜಿಗೆ ಅಂಟಿಸಿದ್ದ ಒಂದು ಪುಟ್ಟ ಡಬ್ಬಿ ಕೋಳಿಮರಿಯ ಹಾಗೆ ಕೀಚ್ ಕೀಚ್ ಎಂದು ಕೂಗತೊಡಗಿತು.

"ಇದೇನು?" ಎಂದೆ.

"ರೇಡಾರ್ ಡಿಟೆಕ್ಟರ್ ಮಾವ. ಹೈವೇಲಿ ಪೊಲೀಸರು ರೇಡಾರ್ ಗನ್ ಹಿಡಿದು ನಿಂತಿದ್ದರೆ ಮುಂಚೆಯೇ ಹೇಳುತ್ತೆ. ಈಗ ಕೂಗಿದ್ದು ಸುಳ್ಳು. ಅಂಗಡಿಯ ಬಾಗಿಲು ತಾನೇ ತೆರೆದುಕೊಳ್ಳುತ್ತಲ್ಲ, ಅದರಲ್ಲೂ ಅಂಥದೇ ಅಲೆ ಇರುತ್ತೆ."

"ಇದನ್ನು ಇಟ್ಟುಕೊಳ್ಳಬಹುದೆ?"

"ಒಹಾಯೊದಲ್ಲಿ ಇಂಥ ಕಾರುಗಳಿಗೆ ಅಡ್ಡಿಯಿಲ್ಲ. ವರ್ಜೀನಿಯಾದಲ್ಲಿ, ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಷೇಧ. ದೊಡ್ಡ ಲಾರಿಗಳಲ್ಲಂತೂ ದೇಶದಲ್ಲಿ ಎಲ್ಲೂ ಇಡೋ ಹಾಗಿಲ್ಲ."

ಹಿಂದಿನ ಸೀಟಿನಿಂದ ಮೊಮ್ಮಗ ತಲೆ ತೂರಿಸಿದ. "ತಾತ, ಪೊಲೀಸ್ ಕಾಣ್ತಾನೇ ಇರಲ್ಲ, ಇದಕ್ಕೆ ಹೇಗೆ ಗೊತ್ತಾಗುತ್ತೆ?"

ಕೇಳಬೇಕೆ! ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ. ಅಂದು ಸಂಜೆಯೇ ಅವನ ನೋಟ್‌ಬುಕ್ ತೆಗೆದುಕೊಂಡು ಪಾಠಕ್ಕೆ ಕುಳಿತೆ.

ರೈಲ್ವೆ ಗೇಟಿನ ಬಳಿ ನಿಂತಾಗ ನೀವೂ ಗಮನಿಸಿರಬಹುದು. ಸೀಟಿ ಹಾಕುತ್ತ ನಮ್ಮತ್ತ ಬರುವ ರೈಲಿನ ಸ್ವರ ಕೀರಲಾಗಿರುತ್ತದೆ. ನಮ್ಮನ್ನು ದಾಟಿದೊಡನೆ ಅದೇ ಸ್ವರ ಇಳಿದು ದಪ್ಪವಾಗುತ್ತದೆ. ಸೀಟಿ ಬದಲಾಗಿಲ್ಲ, ನಮಗೂ ಅದಕ್ಕೂ ನಡುವಿನ ಚಲನೆಯ ದಿಕ್ಕು ಬದಲಾಗಿದೆ, ಅಷ್ಟೆ. 1842ರಲ್ಲಿ ಆಸ್ಟ್ರಿಯಾದ ಕ್ರಿಸ್ಟಿಯನ್ ಡಾಪ್ಲರ್ ಈ ಬಗೆಯ ಬದಲಾವಣೆಯನ್ನು ಲೆಕ್ಕದಲ್ಲಿ ಹಿಡಿದ. 1845ರಲ್ಲಿ ಹಾಲೆಂಡಿನ ಬೈಸ್ ಬಲ್ಲೋಟ್ ಎಂಬ ವಿಜ್ಞಾನಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನವುಳ್ಳ ಸಂಗೀತಗಾರರನ್ನು ನಿಲ್ಲಿಸಿ, ಡಾಪ್ಲರನ ಮಾತು ಸರಿಯೆಂದು ತೋರಿಸಿದ.

ಪೊಲೀಸರ ಗನ್ನು ಮಾಡುವುದೂ ಇದನ್ನೇ. ತುತ್ತೂರಿಯ ಬದಲು ರೇಡಿಯೋ ಅಲೆ. ಅದರಲ್ಲಿ ಒಂದು ಬಗೆಯ ಗನ್ನು ಸೆಕೆಂಡಿಗೆ 2,415 ಕೋಟಿ ಸಲ ಕಂಪಿಸುವ ಅಲೆಯನ್ನು ಕಾರಿನತ್ತ ಬಿಡುತ್ತದೆ. ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರು ಬರುತ್ತಿದ್ದರೆ, ಅದಕ್ಕೆ ತಾಗಿ ಹಿಂದಿರುಗುವ ಅಲೆಯಲ್ಲಿ ಸುಮಾರು 4,470 ಕಂಪನ ಹೆಚ್ಚಾಗಿರುತ್ತದೆ. 2,415 ಕೋಟಿಯಲ್ಲಿ ನಾಲ್ಕೂವರೆ ಸಾವಿರ ಯಾವ ಲೆಕ್ಕ ಎನ್ನುತ್ತೀರಾ? ಎರಡು ತಂಬೂರಿಗಳ ಶ್ರುತಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ 'ವಂಯ್ ವಂಯ್' ಎಂದು ತುಯ್ದಾಡುವುದನ್ನು ಕೇಳಿದ್ದೀರಲ್ಲ? ಹಾಗೆಯೇ ಗನ್ನಿನೊಳಗೆ ಹೋಗುವ ಅಲೆ, ಬರುವ ಅಲೆ ಎರಡನ್ನೂ ಬೆರೆಸಿದರೆ ಅವುಗಳ ವ್ಯತ್ಯಾಸ ಮಾತ್ರ ಎದ್ದು ಬರುತ್ತದೆ. ಆ ವ್ಯತ್ಯಾಸವೇ ವೇಗ. ಅದು ನಮ್ಮ ಕಿವಿಗೆ ಕೇಳಿಸುವ ಮಟ್ಟದ ಕಂಪನವಾದ್ದರಿಂದ ಗನ್ನಿಗೆ ಸ್ಪೀಕರ್ ಜೋಡಿಸಿ ವೇಗವನ್ನು 'ಕೇಳಲೂ'ಬಹುದು.

ಅಮೆರಿಕದಲ್ಲಿ ಇಂಥ ಯಂತ್ರ ರಸ್ತೆಗೆ ಬಂದದ್ದು 1940ರ ದಶಕದ ಕೊನೆಯಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ. ಇದರಲ್ಲೊಂದು ತಮಾಷೆ ನೋಡಿ. ಯುದ್ಧಕಾಲದ ರೇಡಾರ್ ಕಟ್ಟಿದವರಲ್ಲಿ ಪ್ರಮುಖನಾದ ಬ್ರಿಟನ್ನಿನ ರಾಬರ್ಟ್ ವಾಟ್ಸನ್-ವಾಟ್ 1950ರ ದಶಕದಲ್ಲಿ ಕೆನಡಾದಲ್ಲಿ ಕಾರು ಓಡಿಸುತ್ತಿದ್ದಾಗ ಪೊಲೀಸರ ರೇಡಾರಿಗೇ ಸಿಕ್ಕಿಬಿದ್ದು ದಂಡ ತೆತ್ತ. ಆಮೇಲೆ ತನ್ನನ್ನೇ ಗೇಲಿ ಮಾಡಿಕೊಂಡು ಪದ್ಯ ಬರೆದ! ಇನ್ನು 1973ರ ತೈಲ ಬಿಕ್ಕಟ್ಟಿನ ನಂತರ, 1974ರಲ್ಲಿ, ಪೆಟ್ರೋಲು ಉಳಿಸಲೆಂದು ಇಡೀ ಅಮೆರಿಕಕ್ಕೆ ಗಂಟೆಗೆ 55 ಮೈಲಿಯ ಮಿತಿ ಹಾಕಿದರು. ನೂರಾರು ಮೈಲಿ ನೇರ ರಸ್ತೆಯಿರುವ ದೇಶದಲ್ಲಿ ಅದು ಬಹಳ ಜನಕ್ಕೆ ರುಚಿಸಲಿಲ್ಲ. ಡಿಟೆಕ್ಟರಿನ ವ್ಯಾಪಾರ ಕುದುರಿದ್ದು ಆ ಕಾಲದಲ್ಲೇ. 1978ರಲ್ಲಿ ಬಂದ 'ಎಸ್ಕಾರ್ಟ್' ಎಂಬ ಡಿಟೆಕ್ಟರು ಒಳ್ಳೆಯ ರೇಡಿಯೋದೊಳಗಿನಂಥ ಸೂಕ್ಷ್ಮ ರಿಸೀವರ್ ಹೊಂದಿತ್ತು. 1995ರಲ್ಲಿ ದೇಶವ್ಯಾಪಿ ಮಿತಿ ರದ್ದಾಗಿ, ಮಿತಿ ನಿಗದಿ ಮಾಡುವುದು ರಾಜ್ಯಗಳಿಗೆ ಮರಳಿತು. ಡಬ್ಬಿ ಮಾತ್ರ ಉಳಿದುಕೊಂಡಿತು.

ಈಗ ಮೊಮ್ಮಗನ ಪ್ರಶ್ನೆ. ಪೊಲೀಸರಿಗೆ ನಮ್ಮ ವೇಗ ಗೊತ್ತಾಗುವ ಮೊದಲೇ ಡಬ್ಬಿಗೆ ಪೊಲೀಸರು ಗೊತ್ತಾಗುವುದು ಹೇಗೆ?

ಅಮಾವಾಸ್ಯೆಯ ರಾತ್ರಿ ತೋಟದ ಕಾವಲುಗಾರ ಟಾರ್ಚ್ ಹಾಕಿಕೊಂಡು ಬರುತ್ತಿದ್ದಾನೆ ಎನ್ನಿ. ಅವನಿಗೆ ಕಳ್ಳ ಕಾಣಬೇಕಾದರೆ ಬೆಳಕು ಕಳ್ಳನ ತನಕ ಹೋಗಿ, ಅವನ ಮೈಗೆ ತಾಗಿ, ಮತ್ತೆ ಕಾವಲುಗಾರನ ಕಣ್ಣಿಗೆ ಬರಬೇಕು. ಕಳ್ಳನಿಗೋ, ಬೆಳಕು ಒಂದು ದಾರಿ ಬಂದರೆ ಸಾಕು. ಅರ್ಧ ಮೈಲಿಯಿಂದಲೇ ಟಾರ್ಚ್ ಕಂಡು ಅವನು ಬೇಲಿ ಹಾರಿರುತ್ತಾನೆ. ಲೆಕ್ಕದಲ್ಲಿ ಹೇಳುವುದಾದರೆ, ದೂರ ಎರಡು ಪಟ್ಟಾದರೆ ಒಂದು ದಾರಿ ಬರುವ ಅಲೆಯ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದು ವಿಲೋಮ ವರ್ಗ ನಿಯಮ. ಹೋಗಿ ಬರುವ ಅಲೆಯದು ಹದಿನಾರನೇ ಒಂದಕ್ಕೆ ಇಳಿಯುತ್ತದೆ. ದೂರ ಹತ್ತು ಪಟ್ಟಾದರೆ ಇದು ನೂರನೇ ಒಂದು, ಅದು ಹತ್ತು ಸಾವಿರದ ಒಂದು! ಹಾಗಾಗಿ ಪೊಲೀಸರು ಗನ್ನನ್ನು ಸದಾ ಹಚ್ಚಿಟ್ಟಿದ್ದರೆ, ಬಯಲು ದಾರಿಯಲ್ಲಿ ಒಂದೆರಡು ಮೈಲಿ ದೂರದಿಂದಲೇ ಡಬ್ಬಿ ಕೂಗುತ್ತದೆ.

ಪ್ರಕೃತಿಯಲ್ಲಿ ಈ ಆಟ ಕೋಟ್ಯಂತರ ವರ್ಷಗಳಿಂದ ನಡೆದಿದೆ. ಬಾವಲಿ ನಮಗೆ ಕೇಳಿಸದ ಕೂಗು ಹಾಕಿ, ಅದರ ಪ್ರತಿಧ್ವನಿಯಿಂದ ಪತಂಗವನ್ನು ಹುಡುಕುತ್ತದೆ. ಆದರೆ ಎಷ್ಟೋ ಜಾತಿಯ ಪತಂಗಗಳಿಗೆ ಆ ಕೂಗನ್ನು ಕೇಳುವ ಕಿವಿಯಿದೆ. ಅಮೆರಿಕದ ಕೆನೆತ್ ರೋಡರ್ ಎಂಬ ವಿಜ್ಞಾನಿ 1950–60ರ ದಶಕಗಳಲ್ಲಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದ. ಬಾವಲಿಗೆ ಪತಂಗ ಸಿಗುವ ಮೊದಲೇ ಪತಂಗಕ್ಕೆ ಬಾವಲಿ ಕೇಳಿಸಿರುತ್ತದೆ. ಅದೇ ಒಂದು ದಾರಿ, ಎರಡು ದಾರಿಯ ಲೆಕ್ಕ.

ಮೊಮ್ಮಗ ಕಣ್ಣರಳಿಸಿ ಕೇಳಿದ. ಅಳಿಯಂದಿರೂ ಲ್ಯಾಪ್‌ಟಾಪ್ ಮುಚ್ಚಿಟ್ಟು ಕೇಳಿದರು. ಮೇಷ್ಟರಿಗೆ ಇನ್ನೇನು ಬೇಕು? ಆ ರಾತ್ರಿ ನಾನು ಬಹಳ ಖುಷಿಯಿಂದ ಮಲಗಿದೆ. ಈ ಡಬ್ಬಿ ಯಾಕೆ ಬೇಕು ಎಂಬ ಪ್ರಶ್ನೆ ಮಾತ್ರ ನನ್ನ ತಲೆಗೆ ಬರಲೇ ಇಲ್ಲ.

ನಯಾಗರಾಕ್ಕೆ ಹೊರಟಿದ್ದು ಮೇ ತಿಂಗಳ ಒಂದು ಶನಿವಾರ, ಬೆಳಗಿನ ಐದೂವರೆಗೆ. ಐನೂರು ಕಿ.ಮೀ.ಗೂ ಮಿಕ್ಕಿದ ದಾರಿ. 71ನೇ ಇಂಟರ್‌ಸ್ಟೇಟ್ ಹೆದ್ದಾರಿಯಲ್ಲಿ ಕ್ಲೀವ್‌ಲ್ಯಾಂಡ್ ತನಕ ಹೋಗಿ, ಅಲ್ಲಿಂದ 90ನೆಯದನ್ನು ಹಿಡಿದು ಈರಿ ಸರೋವರದ ದಂಡೆಯುದ್ದಕ್ಕೂ ಪೂರ್ವಕ್ಕೆ. ಊರಿನ ಗದ್ದಲ ಕಳೆದ ಮೇಲೆ ಎರಡೂ ಕಡೆ ಹೊಲ, ನಡುವೆ ಹಾಸಿದ ಹಾಗೆ ರಸ್ತೆ. ಅಲ್ಲಿನ ಮಿತಿ ಗಂಟೆಗೆ 70 ಮೈಲಿ.

ಮೊಮ್ಮಗ ಮುಂದಕ್ಕೆ ಬಾಗಿ ಸ್ಪೀಡೋಮೀಟರ್ ನೋಡಿ ಹೇಳುತ್ತಿದ್ದ. "ಎಪ್ಪತ್ತೈದು... ಎಂಬತ್ತು... ಎಂಬತ್ಮೂರು!" ಚಪ್ಪಾಳೆ ಬೇರೆ.

"ಸ್ವಲ್ಪ ನಿಧಾನ ಹೋಗ್ರೀ" ಎಂದಳು ಮಗಳು.

"ಡಬ್ಬಿ ಇದೆಯಲ್ಲ" ಎಂದು ಅಳಿಯಂದಿರು ನಕ್ಕರು. ಆಗ ನಾನೇನು ಮಾಡಿದೆ ಗೊತ್ತೆ? "ಹೌದಮ್ಮ, ಅದಕ್ಕೆ ಒಂದೆರಡು ಮೈಲಿ ಮುಂಚೆಯೇ ಗೊತ್ತಾಗುತ್ತೆ" ಎಂದು ವಿಜ್ಞಾನದ ಮುದ್ರೆ ಒತ್ತಿಬಿಟ್ಟೆ!

ಮುಂದೆ ಒಂದು ಕಾರೂ ಇರಲಿಲ್ಲ. ಹಿಂದೆ ದೂರದಲ್ಲಿ ಒಂದು ಲಾರಿ. ರಸ್ತೆ ಸಣ್ಣಗೆ ಏರಿ ಇಳಿಯುವ ಜಾಗ. ಅಲ್ಲಿಯ ತನಕ ಒಂದು ಸೊಲ್ಲೂ ಎತ್ತದೆ ಕೂತಿದ್ದ ಡಬ್ಬಿ ಒಮ್ಮೆಗೇ ಪೂರ್ತಿ ದನಿಯಲ್ಲಿ ಕಿರುಚಿತು. ಅಳಿಯಂದಿರು ಬ್ರೇಕ್ ಒತ್ತಿದರು. ನನ್ನಾಕೆಯ ಮಡಿಲಲ್ಲಿದ್ದ ಚಿತ್ರಾನ್ನದ ಡಬ್ಬಿ ಮುಂದಕ್ಕೆ ಹಾರಿತು. ಎರಡು ಮೂರು ಸೆಕೆಂಡಿನಲ್ಲಿ ಕಿರುಚಾಟ ನಿಂತು ಮತ್ತೆ ಮೌನ. ಎರಡು ರಸ್ತೆಗಳ ನಡುವಿನ ಹುಲ್ಲುಪಟ್ಟಿಯಲ್ಲಿ ನಿಂತಿದ್ದ ಪೊಲೀಸ್ ಕಾರು ನಾವು ದಾಟಿದ ಮೇಲೆ ಮೆಲ್ಲಗೆ ಹೊರಟು ನಮ್ಮ ಹಿಂದೆ ಬಂತು. ಅದರ ಕೆಂಪು ನೀಲಿ ದೀಪಗಳು ನಮ್ಮ ಕಾರಿನೊಳಗೆಲ್ಲ ಓಡಾಡಿದವು.

ಪಕ್ಕಕ್ಕೆ ನಿಲ್ಲಿಸಿದ್ದಾಯಿತು. ಬಂದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವನು, ಬಹಳ ಸೌಜನ್ಯದಿಂದ ಬೆಳಗಿನ ನಮಸ್ಕಾರ ಹೇಳಿದ. "ನೀವು ಎಷ್ಟು ವೇಗದಲ್ಲಿ ಹೋಗುತ್ತಿದ್ದಿರಿ, ಗೊತ್ತೆ?" ಎಂದು ಕೇಳಿದ.

"ಎಪ್ಪತ್ತೆರಡೋ ಎಪ್ಪತ್ಮೂರೋ ಇರಬಹುದು" ಎಂದರು ಅಳಿಯಂದಿರು.

"ಎಂಬತ್ಮೂರು" ಎಂದ ಅಧಿಕಾರಿ.

ನಾನು ತಿರುಗಿ ಮೊಮ್ಮಗನ ಮುಖ ನೋಡಿದೆ. ಐದು ನಿಮಿಷದ ಹಿಂದೆ ಅದೇ ಸಂಖ್ಯೆಯನ್ನು ಕೂಗಿ ಚಪ್ಪಾಳೆ ತಟ್ಟಿದ್ದ ಹುಡುಗ ಬಾಯಿ ಬಿಗಿದುಕೊಂಡು ಅಮ್ಮನನ್ನೇ ನೋಡುತ್ತಿದ್ದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ದಂಡ ಎಷ್ಟಾಯಿತೆಂದು ಅಳಿಯಂದಿರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕ್ಲೀವ್‌ಲ್ಯಾಂಡ್ ಬರುವ ತನಕ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಆ ಮೌನದಲ್ಲಿ ನನ್ನ ತಲೆಯೊಳಗೆ ಪಾಠ ಮತ್ತೆ ಶುರುವಾಯಿತು. ಡಬ್ಬಿ ಕೆಟ್ಟಿರಲಿಲ್ಲ, ಕೂಗಿತ್ತು. ಲೆಕ್ಕವೂ ತಪ್ಪಿರಲಿಲ್ಲ. ತಪ್ಪಿದ್ದು ನಾನು ಹೇಳದೇ ಬಿಟ್ಟ ಒಂದು ಮಾತಿನಲ್ಲಿ. ಕಾವಲುಗಾರ ಟಾರ್ಚ್ ಹಚ್ಚಿಕೊಂಡೇ ಬರುತ್ತಾನೆ ಎಂದು ನಾನು ಸುಮ್ಮನೆ ಎಣಿಸಿಬಿಟ್ಟಿದ್ದೆ. ಅವನು ಟಾರ್ಚ್ ಆರಿಸಿಕೊಂಡು ಕತ್ತಲಲ್ಲಿ ಕೂತು, ಕಳ್ಳ ಮಾರುದೂರಕ್ಕೆ ಬಂದ ಮೇಲೆ ಮುಖಕ್ಕೇ ಬೆಳಕು ಬಿಟ್ಟರೆ? ಕಳ್ಳನ ಕಣ್ಣು ಹದ್ದಿನ ಕಣ್ಣಾದರೂ ಏನು ಪ್ರಯೋಜನ!

ಇದಕ್ಕೆ ಅಲ್ಲಿ 'ಇನ್‌ಸ್ಟಂಟ್ ಆನ್' ಎನ್ನುತ್ತಾರೆ. ಗನ್ನಿನೊಳಗಿನ ಯಂತ್ರವೆಲ್ಲ ಸಿದ್ಧವಾಗಿರುತ್ತದೆ, ಅಲೆಯನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಅಲೆಯೇ ಇಲ್ಲದ ಮೇಲೆ ಡಬ್ಬಿ ಕೇಳುವುದೇನನ್ನು? ಆ ಹೊತ್ತಿನಲ್ಲಿ ಅಧಿಕಾರಿ ತನ್ನ ಕಣ್ಣಿನಿಂದಲೇ ಬರುವ ಕಾರುಗಳನ್ನು ತೂಗುತ್ತಿರುತ್ತಾನೆ. ಮೊದಲು ಕಣ್ಣಂದಾಜಿನಿಂದ ವೇಗ ಹೇಳುವುದನ್ನು ಅವರ ತರಬೇತಿಯಲ್ಲೇ ಕಲಿಸುತ್ತಾರೆ. ಕಣ್ಣು ಯಾವ ಅಲೆಯನ್ನೂ ಬಿಡುವುದಿಲ್ಲ, ಬಂದ ಬೆಳಕನ್ನು ತೆಗೆದುಕೊಳ್ಳುತ್ತದೆ ಅಷ್ಟೆ. ನೋಟವನ್ನು ಹಿಡಿಯುವ ಡಿಟೆಕ್ಟರ್ ಇನ್ನೂ ಹುಟ್ಟಿಲ್ಲ. 'ಇವನು ಮಿತಿ ಮೀರಿದ್ದಾನೆ' ಎನಿಸಿದಾಗ ಅಧಿಕಾರಿ ಗುಂಡಿ ಒತ್ತುತ್ತಾನೆ. ಸೆಕೆಂಡು ಕಳೆಯುವುದರೊಳಗೆ ಸಂಖ್ಯೆ ಮೂಡಿರುತ್ತದೆ.

ನಮ್ಮ ಕಡೆಯ ಲೆಕ್ಕ ನೋಡಿ. 83 ಮೈಲಿ ಎಂದರೆ ಗಂಟೆಗೆ ಸುಮಾರು 134 ಕಿ.ಮೀ., ಸೆಕೆಂಡಿಗೆ 37 ಮೀಟರ್. ಕೂಗು ಕೇಳಿ, ಮಿದುಳಿಗೆ ಅರ್ಥವಾಗಿ, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಬೇಕೆಂದರೂ ಅಷ್ಟರಲ್ಲಿ ಕಾರು 55 ಮೀಟರ್ ಓಡಿರುತ್ತದೆ. ಆಮೇಲೆ ಗಟ್ಟಿಯಾಗಿ ಬ್ರೇಕ್ ಒತ್ತಿದರೂ ವೇಗ 70ಕ್ಕೆ ಇಳಿಯಲು ಇನ್ನೊಂದು ಸೆಕೆಂಡು ಬೇಕು. ಒಟ್ಟು ಎರಡೂವರೆ. ಗನ್ನಿನ ಕೆಲಸ ಒಂದರೊಳಗೇ ಮುಗಿದಿದೆ. ನಮಗೆ ಕೇಳಿದ್ದು ಎಚ್ಚರಿಕೆಯಲ್ಲ, ತೀರ್ಪು!

ಹಾಗಾದರೆ ಇನ್‌ಸ್ಟಂಟ್ ಆನ್ ಮುಂದೆ ಡಬ್ಬಿಗೆ ದಾರಿಯೇ ಇಲ್ಲವೆ? ಒಂದಿದೆ. ನಮ್ಮ ಮುಂದೆ ಅರ್ಧ ಮೈಲಿಯಲ್ಲೋ ಒಂದು ಮೈಲಿಯಲ್ಲೋ ಇನ್ನೊಂದು ಕಾರು ಹೋಗುತ್ತಿರಬೇಕು. ಪೊಲೀಸರು ಅದರ ಮೇಲೆ ಗನ್ನು ಬಿಟ್ಟಾಗ ಅಲೆ ಆ ಕಾರಿಗಷ್ಟೇ ತಾಗಿ ನಿಲ್ಲುವುದಿಲ್ಲ. ಅದನ್ನು ದಾಟಿ ಬರುತ್ತದೆ, ರಸ್ತೆಗೆ, ಸೇತುವೆಗೆ, ಫಲಕಗಳಿಗೆ ಬಡಿದು ಚೆದುರುತ್ತದೆ. ಆ ಚೂರುಪಾರು ನಮ್ಮ ಡಬ್ಬಿಗೆ ಅರೆ ಸೆಕೆಂಡಿನ ಒಂದು 'ಕೀಚ್' ಆಗಿ ಕೇಳುತ್ತದೆ. ಹತ್ತಿರದಲ್ಲಿ ಅಂಗಡಿಯ ಬಾಗಿಲಿಲ್ಲದ ಬಯಲಿನಲ್ಲಿ ಡಬ್ಬಿ ಒಂದು ಸಲ ಕೂಗಿ ಸುಮ್ಮನಾದರೆ, ಅನುಭವಸ್ಥರು ಅದಕ್ಕೇ ಹೆಚ್ಚು ಹೆದರಿ ಕಾಲು ಸಡಿಲಿಸುತ್ತಾರಂತೆ. ಒಳ್ಳೆಯ ಡಿಟೆಕ್ಟರ್ ಎಂದರೆ ಇಂಥ ಕ್ಷೀಣ ಚೂರನ್ನು ದೂರದಿಂದಲೇ ಹಿಡಿಯುವಂಥದು. ಅಂದರೆ ಡಬ್ಬಿ ನಮ್ಮನ್ನು ಕಾಪಾಡಬೇಕಾದರೆ ನಮಗಿಂತ ಮುಂದೆ ಯಾರಾದರೂ ಗುರಿಯಾಗಿರಬೇಕು. ಅಂದು ಬೆಳಗ್ಗೆ ನಮ್ಮ ಮುಂದೆ ಯಾರೂ ಇರಲಿಲ್ಲ. ನಮ್ಮ ಹಿಂದೆ ಬರುತ್ತಿದ್ದವರಿಗೆ ನಾವೇ ಎಚ್ಚರಿಕೆಯ ಗಂಟೆಯಾದೆವು.

ಎರಡೂ ಕಡೆಯವರು ಸುಮ್ಮನೆ ಕುಳಿತಿಲ್ಲ. ಕೆಲವು ಗನ್ನುಗಳಲ್ಲಿ ಕೇವಲ 67 ಮಿಲಿಸೆಕೆಂಡು, ಅಂದರೆ ರೆಪ್ಪೆ ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಅಲೆ ಬಿಟ್ಟು ವೇಗವನ್ನು ಇಣುಕಿ ನೋಡುವ ಏರ್ಪಾಟು ಬಂತು. ಅದನ್ನು ಹಿಡಿಯಲು ಡಬ್ಬಿಗಳು ಇನ್ನೂ ಚುರುಕಾಗಬೇಕಾಯಿತು. ಆದರೆ ಚುರುಕಾದಷ್ಟೂ ಸುಳ್ಳು ಕೂಗು ಹೆಚ್ಚು. ಈಗಿನ ಎಷ್ಟೋ ಕಾರುಗಳಲ್ಲಿ ಪಕ್ಕದ ವಾಹನವನ್ನು ಗುರುತಿಸುವ ಪುಟ್ಟ ರೇಡಾರ್ ಇರುತ್ತದೆ, ಅದಕ್ಕೂ ಡಬ್ಬಿ ಕೂಗುತ್ತದೆ. ಸುಳ್ಳನ್ನು ಸೋಸಲು ಡಬ್ಬಿ ತುಸು ಹೊತ್ತು ತಡೆದು ಯೋಚಿಸಬೇಕು, ತಡೆದರೆ ಇನ್‌ಸ್ಟಂಟ್ ಆನ್‌ಗೆ ತುತ್ತಾಗಬೇಕು! ಇನ್ನೊಂದು ಸ್ವಾರಸ್ಯ. ಸೂಕ್ಷ್ಮವಾಗಿ ಕೇಳಲೆಂದು ಡಬ್ಬಿ ತನ್ನೊಳಗೇ ಒಂದು ಸಣ್ಣ ಅಲೆಯನ್ನು ಉತ್ಪಾದಿಸಬೇಕಾಗುತ್ತದೆ. ಅದು ಚೂರು ಹೊರಗೆ ಸೋರುತ್ತದೆ. ನಿಷೇಧವಿರುವ ಕಡೆ ಪೊಲೀಸರು ಆ ಸೋರಿಕೆಯನ್ನೇ ಹಿಡಿದು 'ಡಿಟೆಕ್ಟರಿನ ಡಿಟೆಕ್ಟರ್' ಬಳಸುತ್ತಾರೆ. ಕೇಳುವವನೂ ಪೂರ್ತಿ ಮೌನವಾಗಿರಲಾರ, ನೋಡಿ. ಇನ್ನು ಲೇಸರ್ ಗನ್ನಿನ ಕಿರಣವಂತೂ ಮುನ್ನೂರು ಮೀಟರ್ ದೂರದಲ್ಲಿ ಒಂದು ಮೀಟರಿನಷ್ಟೇ ಅಗಲ. ಮುಂದಿನ ಕಾರಿಗೆ ಬಿಟ್ಟದ್ದು ಹಿಂದಿನವನಿಗೆ ತಿಳಿಯುವುದೇ ಅಪರೂಪ.

ಬಾವಲಿಗಳೂ ಈ ಉಪಾಯವನ್ನು ಕಂಡುಕೊಂಡಿವೆ. ಯುರೋಪಿನ ಬಾರ್ಬಸ್ಟೆಲ್ ಎಂಬ ಬಾವಲಿ ಇತರ ಬಾವಲಿಗಳಿಗಿಂತ 10ರಿಂದ 100 ಪಟ್ಟು ಮೆಲ್ಲಗೆ ಕೂಗುತ್ತದೆ ಎಂದು 2010ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಿವಿಯುಳ್ಳ ಪತಂಗಕ್ಕೆ ಅದು ಕೇಳುವ ಹೊತ್ತಿಗೆ ತಪ್ಪಿಸಿಕೊಳ್ಳುವ ಸಮಯ ಮುಗಿದಿರುತ್ತದೆ.

ಸಂಜೆ ನಯಾಗರಾ ನೋಡಿ ಹೋಟೆಲಿಗೆ ಬಂದೆವು. ಆಚೆ ದಡ ಕೆನಡಾದ ಒಂಟಾರಿಯೊ, ಅಲ್ಲಿ ಈ ಡಬ್ಬಿಯನ್ನು ಕಾರಿನಲ್ಲಿಟ್ಟುಕೊಳ್ಳುವುದೇ ಅಪರಾಧ. ಊಟವಾದ ಮೇಲೆ ಮೊಮ್ಮಗ ನನ್ನ ಪಕ್ಕ ಬಂದು ಕೂತ. ಇನ್‌ಸ್ಟಂಟ್ ಆನ್ ಬಗ್ಗೆ ಕೇಳುತ್ತಾನೆಂದು ನಾನು ತಯಾರಾಗಿದ್ದೆ. ಅವನು ಕೇಳಿದ್ದೇ ಬೇರೆ.

"ತಾತ, ಎಂಬತ್ಮೂರು ಅಂತ ಅಪ್ಪಂಗೆ ಗೊತ್ತಿತ್ತು. ನಾನೇ ಹೇಳಿದ್ದೆ. ಮತ್ತೆ ಯಾಕೆ ಹಾಗಂದ್ರು?"

ಅಳಿಯಂದಿರು ಅದೇ ಕೋಣೆಯಲ್ಲಿ ಕಿಟಕಿಯ ಬಳಿ ಕೂತಿದ್ದರು. ಕೇಳಿಸಿದೆ ಎಂದು ನನಗೆ ಗೊತ್ತು. ಮಾವನಾದವನು ಅಳಿಯನಿಗೆ ಬುದ್ಧಿ ಹೇಳುವುದು ನಮ್ಮಲ್ಲಿ ರೂಢಿಯಲ್ಲ, ಅದೂ ಅವರ ಮನೆಯ ಅನ್ನ ಉಣ್ಣುತ್ತಿರುವಾಗ. ಅಲ್ಲದೆ ಬೆಳಗ್ಗೆ ಡಬ್ಬಿಗೆ ಸರ್ಟಿಫಿಕೇಟ್ ಕೊಟ್ಟವನು ನಾನೇ ತಾನೆ? ಹಾಗಾಗಿ ನನ್ನದೇ ಕತೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ, ನನ್ನಾಕೆಗೂ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಆಗ ನಮ್ಮ ಶಾಲೆಗಳಿಗೆ ತಪಾಸಣೆಯ ಅಧಿಕಾರಿ ಬರುತ್ತಾರೆಂದರೆ ಮುಂಚೆಯೇ ಸುದ್ದಿ ಬರುತ್ತಿತ್ತು. ಪಕ್ಕದೂರಿನ ಮೇಷ್ಟರು ಫೋನು ಮಾಡಿ "ಇವತ್ತು ನಮ್ಮಲ್ಲಿಗೆ ಬಂದಿದ್ದರು, ನಿಮ್ಮ ಕಡೆ ಹೊರಟರು" ಎನ್ನುತ್ತಿದ್ದರು. ಅಷ್ಟು ಸಾಕು. ಅವರ ಜೀಪು ಬರುವಷ್ಟರಲ್ಲಿ ಬೋರ್ಡು ಒರೆಸಿ, ದಿನಚರಿ ಬರೆದು, ಪ್ರಯೋಗಾಲಯದ ಧೂಳು ಹೊಡೆದು ಮುಗಿದಿರುತ್ತಿತ್ತು. ಒಂದು ದಿನ ಆ ಅಧಿಕಾರಿ ಎಲ್ಲ ಶಾಲೆಗಿಂತ ಮೊದಲು ನಮ್ಮಲ್ಲಿಗೇ ಬಂದುಬಿಟ್ಟರು, ಜೀಪು ದೂರದಲ್ಲಿ ನಿಲ್ಲಿಸಿ, ನಡೆದುಕೊಂಡು. ನಮ್ಮ ಮುಂದೆ ಯಾರೂ ಇರಲಿಲ್ಲ!

ನನ್ನ ದಿನಚರಿಯಲ್ಲಿ 'ಆಮ್ಲಜನಕ ತಯಾರಿಸುವ ಪ್ರಯೋಗ ತೋರಿಸಲಾಯಿತು' ಎಂದು ಬರೆದಿತ್ತು. ತೋರಿಸಿರಲಿಲ್ಲ. ಪಾಠ ಮುಗಿಸುವ ಅವಸರ, ನಾಳೆ ಮಾಡಿದರಾಯಿತೆಂಬ ಸೋಮಾರಿತನ. ಅವರು ನನ್ನನ್ನೇನೂ ಕೇಳಲಿಲ್ಲ. ಮೊದಲ ಬೆಂಚಿನ ಹುಡುಗಿಯನ್ನು ಎಬ್ಬಿಸಿ, "ಪ್ರಯೋಗ ನೋಡಿದೆಯೇನಮ್ಮ?" ಎಂದರು. ಅವಳು ನನ್ನ ಮುಖ ನೋಡಿದಳು. ಒಂದು ಗಳಿಗೆ ಬಿಟ್ಟು, "ನೋಡಿದ್ದೀವಿ ಸಾರ್" ಎಂದಳು. ಅಧಿಕಾರಿ ಷರಾ ಬರೆದು ಹೋದರು, ನನಗೆ ಏನೂ ಆಗಲಿಲ್ಲ. ಆದರೆ ನಾನು ಕಲಿಸಬಾರದ ಪಾಠವನ್ನು ಆ ಹುಡುಗಿ ಅಂದು ನನಗಾಗಿ ಕಲಿತಿದ್ದಳು. ಮರುದಿನ ಪ್ರಯೋಗ ತೋರಿಸಿದೆ. ಅವಳು ಮೊದಲಿನ ಹಾಗೆ ನನ್ನ ಮುಖ ನೋಡಿ ನಗಲಿಲ್ಲ, ಅಥವಾ ನನಗೆ ಹಾಗೆನಿಸಿತು.

"ಹೆದರಿದಾಗ ದೊಡ್ಡವರೂ ಹಾಗೆ ಮಾಡ್ತಾರೆ ಪುಟ್ಟ. ಮಾಡಿದ ಮೇಲೆ ಅವರಿಗೂ ಒಳಗೆ ನೋಯುತ್ತೆ" ಎಂದೆ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಆ ಅಕ್ಕಂಗೆ ಸಾರಿ ಹೇಳಿದ್ರಾ?" ಎಂದ. ನಾನು ಇಲ್ಲವೆಂದು ತಲೆ ಆಡಿಸಿದೆ. ಕಿಟಕಿಯ ಬಳಿಯಿಂದ ಅಳಿಯಂದಿರು ಎದ್ದು ಬಂದು ಮಗನ ಪಕ್ಕ ಕುಳಿತರು. "ನಾನು ಹಾಗೆ ಹೇಳಬಾರದಿತ್ತು ಕಣೋ. ಸಾರಿ" ಎಂದರು. ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಆಚೆ ಹೋದೆ. ನನಗೆ ಹದಿನೈದು ವರ್ಷದಲ್ಲಿ ಆಗದ್ದನ್ನು ಅವರು ಒಂದೇ ದಿನದಲ್ಲಿ ಮಾಡಿದ್ದರು.

ಊರಿಗೆ ಬಂದ ಮೇಲೆ ಗಮನಿಸಿದೆ, ನಮ್ಮಲ್ಲೂ ಡಿಟೆಕ್ಟರ್ ಇದೆ. ಬ್ಯಾಟರಿ ಬೇಡ, ದುಡ್ಡೂ ಬೇಡ. ಮುಂದೆ ಪೊಲೀಸರು ನಿಂತಿದ್ದರೆ ಎದುರಿನಿಂದ ಬರುವ ಡ್ರೈವರ್ ಹೆಡ್‌ಲೈಟ್ ಮಿಣುಕಿಸಿ ಹೇಳುತ್ತಾನೆ. ನಾವು ನಿಧಾನ ಮಾಡುತ್ತೇವೆ, ದಾಟಿದ ಮೇಲೆ ಮತ್ತೆ ಒತ್ತುತ್ತೇವೆ. ಪೊಲೀಸರ ಯಂತ್ರದಿಂದ ತಪ್ಪಿಸಿಕೊಳ್ಳಬಹುದು. ಆದರೆ ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುವ ನಿಯಮಕ್ಕೆ ಸ್ಟ್ಯಾಂಡ್‌ಬೈ ಗುಂಡಿ ಇಲ್ಲ, ಅದು ಸದಾ ಆನ್. ಅಡ್ಡ ಬಂದ ದನಕ್ಕೆ, ರಸ್ತೆ ದಾಟುವ ಮಗುವಿಗೆ ಯಾವ ಡಬ್ಬಿಯೂ ಮೊದಲೇ ಕೂಗುವುದಿಲ್ಲ. ಇದನ್ನು ಲೈಸೆನ್ಸ್ ಬರುವ ಮೊದಲೇ ಅಪ್ಪನ ಬೈಕಿನ ಮೇಲೆ ಕಣ್ಣಿಟ್ಟಿರುವ ನಮ್ಮ ಹತ್ತನೇ ತರಗತಿಯ ಹುಡುಗರಿಗೆ ಹೇಳುತ್ತಿರುತ್ತೇನೆ. ಅವರ ಅಪ್ಪಂದಿರು ಸಿಕ್ಕಿದಾಗ ಅವರಿಗೂ.

ಅಂದ ಹಾಗೆ, ನಯಾಗರಾದಿಂದ ವಾಪಸು ಬರುವಾಗಲೂ ಆ ಡಬ್ಬಿ ಗಾಜಿನ ಮೇಲೇ ಇತ್ತು. ಅಳಿಯಂದಿರು ಅದನ್ನು ಕಿತ್ತೆಸೆಯಲಿಲ್ಲ, ನಾನೂ ಆ ಮಾತೆತ್ತಲಿಲ್ಲ. ಕ್ಲೀವ್‌ಲ್ಯಾಂಡ್ ದಾಟಿದ ಮೇಲೆ ಎಲ್ಲಿಯೋ ಒಂದು ಕಡೆ ಅದು ಮತ್ತೆ ಕಿರುಚಿತು. ಯಾರೂ ಬೆಚ್ಚಲಿಲ್ಲ, ಬ್ರೇಕ್ ಒತ್ತಲಿಲ್ಲ, ಚಿತ್ರಾನ್ನದ ಡಬ್ಬಿಯೂ ಅಲ್ಲಾಡಲಿಲ್ಲ.

ಹಿಂದಿನ ಸೀಟಿನಿಂದ ಮೊಮ್ಮಗ ಬಾಗಿ ನೋಡಿ ಹೇಳಿದ, "ಅರವತ್ತೆಂಟು."